ಉಪ್ಪಿಟ್ಟು ಎಳೆದ ಕಡೆಗೆ

ನಾನು ಒಂದು ನಾಯಿಯ ಬಾರು. ನನ್ನ ಒಂದು ತುದಿಯಲ್ಲಿ ಹಿತ್ತಾಳೆಯ ಕೊಂಡಿ ಇದೆ, ಇನ್ನೊಂದು ತುದಿಯಲ್ಲಿ ಕೈ ತೂರಿಸುವ ಹಿಡಿಕೆ ಇದೆ. ಕೊಂಡಿಯ ಕಡೆ ನಾಯಿ, ಹಿಡಿಕೆಯ ಕಡೆ ಮನುಷ್ಯ. ಇಬ್ಬರೂ ಒಂದೇ ದಿಕ್ಕಿಗೆ ನಡೆಯುವಾಗ ನಾನು ಸಡಿಲವಾಗಿ ಓಲಾಡುತ್ತೇನೆ. ಇಬ್ಬರ ಮನಸ್ಸೂ ಬೇರೆ ಬೇರೆಯಾದರೆ ಮೈಯೆಲ್ಲ ಬಿಗಿಯಾಗುತ್ತದೆ.

ನಾನು ಹುಟ್ಟಿದ್ದು ಮೈಸೂರಿನ ಮಂಡಿ ಮೊಹಲ್ಲಾದ ಒಂದು ಕಿರಿದಾದ ಅಂಗಡಿಯಲ್ಲಿ. ಅಲ್ಲಿ ಖಲೀಲ್ ಸಾಬರು ಟಾಂಗಾ ಕುದುರೆಗಳಿಗೆ ಲಗಾಮು, ಜೀನು, ಹೊಟ್ಟೆಪಟ್ಟಿ ಹೊಲಿಯುತ್ತಿದ್ದರು. ಊರಿನಲ್ಲಿ ಟಾಂಗಾಗಳು ಕಡಿಮೆಯಾದಂತೆ ಅವರ ಅಂಗಡಿಯ ಮೂಲೆಯಲ್ಲಿ ಚರ್ಮದ ಸುರುಳಿಗಳು ಹಾಗೇ ಉಳಿದವು. ಒಂದು ದಿನ ಎತ್ತರದ ಹೆಂಗಸೊಬ್ಬರು ಅಂಗಡಿಯ ಮೆಟ್ಟಿಲ ಬಳಿ ಬಂದು ನಿಂತರು. ಕೊರಳಲ್ಲಿ ಒಂದು ಸೀಟಿ ನೇತಾಡುತ್ತಿತ್ತು. ಅವರು ಫಿಲೋಮಿನಾ ಟೀಚರ್, ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಡ್ರಿಲ್ ಹೇಳಿಕೊಡುತ್ತಿದ್ದವರು.

"ಸಾಬ್ರೇ, ನಮ್ಮ ಡ್ಯೂಕ್ ಎಷ್ಟು ಬಾರು ತಂದ್ರೂ ಕಿತ್ತುಹಾಕ್ತಾನೆ. ಕುದುರೇನ ಹಿಡಿಯೋ ಅಂಥದ್ದು ಏನಾದ್ರೂ ಕೊಡಿ," ಅಂದರು.

"ಕುದುರೇದೇ ಕೊಡ್ತೀನಮ್ಮ, ಲಗಾಮಿನ ಚರ್ಮ ಮಿಕ್ಕಿದೆ. ಆದ್ರೆ ನಿಮ್ಮ ನಾಯಿ ಹಿಂದೆ ಟಾಂಗಾ ಮಾತ್ರ ಕಟ್ಟಬೇಡಿ," ಎಂದು ಖಲೀಲ್ ಸಾಬರು ನಕ್ಕು, ಮೇಣ ಹಚ್ಚಿದ ದಾರದಿಂದ ನನ್ನನ್ನು ಹೊಲಿದರು. ಕೊನೆಯ ಗಂಟು ಹಾಕಿ, ಒಂದು ತುದಿಯನ್ನು ಕಾಲಿನಿಂದ ಮೆಟ್ಟಿ, ಇನ್ನೊಂದನ್ನು ಎರಡೂ ಕೈಯಿಂದ ಜಗ್ಗಿ ನೋಡಿದರು. ನಾನು ಅನುಭವಿಸಿದ ಮೊದಲ ಎಳೆತ ಅದು.

ಡ್ಯೂಕ್ ಕರಿ ಬೆನ್ನಿನ ದೊಡ್ಡ ನಾಯಿ. ವಾರದ ದಿನಗಳಲ್ಲಿ ಟೀಚರಿಗೆ ಶಾಲೆಯ ಅವಸರ. ಬೀದಿಯ ತುದಿಯವರೆಗೆ ಹೋಗಿ ಬಂದರೆ ಮುಗಿಯಿತು, ಆಮೇಲೆ ನಾನು ಬಾಗಿಲ ಹಿಂದಿನ ಮೊಳೆಗೆ. ಆದರೆ ಶನಿವಾರದ ಮಧ್ಯಾಹ್ನ, ಭಾನುವಾರದ ಬೆಳಗ್ಗೆ ನಮ್ಮದೇ ರಾಜ್ಯ. ಕೆರೆ ಏರಿ, ರೈಲ್ವೆ ಹಳಿಯ ಪಕ್ಕದ ಮೈದಾನ, ಹಳೆಯ ಬಂಗಲೆಗಳ ಮಳೆಮರದ ಸಾಲು, ಎಲ್ಲ ಕಡೆಗೂ ಹೋಗುತ್ತಿದ್ದೆವು. ಟೀಚರು ವೇಗವಾಗಿ ನಡೆಯುವವರು, ಡ್ಯೂಕ್ ಇನ್ನೂ ವೇಗ. ವರ್ಷಗಳು ಹೋದವು. ಮೊದಲು ಡ್ಯೂಕ್ ನಿಧಾನವಾದ, ಅವನಿಗಾಗಿ ಟೀಚರೂ ನಿಧಾನವಾದರು. ಒಂದು ಚಳಿಗಾಲ ಅವನು ಅಂಗಳದ ಬಿಸಿಲಿನಲ್ಲಿ ಮಲಗಿದವನು ಮತ್ತೆ ಏಳಲಿಲ್ಲ. ಟೀಚರು ನನ್ನ ಕೊಂಡಿಯನ್ನು ಸೆರಗಿನಿಂದ ಒರೆಸಿ ಮೊಳೆಗೆ ಹಾಕಿದರು. ಆಮೇಲೆ ಬಹಳ ಕಾಲ ಆ ಬಾಗಿಲು ತೆರೆದು ಮುಚ್ಚಿದಾಗ ಆಗುವ ಅಲ್ಲಾಟವಷ್ಟೇ ನನ್ನ ತಿರುಗಾಟ.

ಟೀಚರ ಮನೆಯ ಮೇಲಂತಸ್ತಿನಲ್ಲಿ ಪ್ರಫುಲ್ಲಾ ಎಂಬ ನರ್ಸ್ ಬಾಡಿಗೆಗೆ ಇದ್ದಳು. ಅವಳ ಮಗಳು ಐಸಿರಿ. ಆ ಹುಡುಗಿಗೆ ಮುಖ ನೆನಪಿಟ್ಟುಕೊಳ್ಳುವ ವಯಸ್ಸು ಬರುವ ಮೊದಲೇ ತಂದೆ ಕಾಯಿಲೆಯಿಂದ ತೀರಿಕೊಂಡಿದ್ದ. ಒಂದು ಸಂಜೆ ಪ್ರಫುಲ್ಲಾ ಆಸ್ಪತ್ರೆಯಿಂದ ಬರುವಾಗ ಅವಳ ಕೈಚೀಲದಲ್ಲಿ ಕಂದು ಬಣ್ಣದ ಒಂದು ಮರಿ ಇತ್ತು. ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿಕೊಂಡಿತ್ತು. ಕ್ಯಾಂಟೀನಿನ ಹಿಂದೆ, ಚೆಲ್ಲಿದ ಉಪ್ಪಿಟ್ಟಿನ ತಟ್ಟೆಯಲ್ಲಿ ಮುಖ ಹುದುಗಿಸಿಕೊಂಡು ನಿದ್ದೆ ಹೋಗಿತ್ತಂತೆ. ಹೆಸರಿಡಲು ಐಸಿರಿ ಯೋಚನೆ ಮಾಡಬೇಕಾಗಲಿಲ್ಲ. ಉಪ್ಪಿಟ್ಟು ಎಂದೇ ಕರೆದಳು.

ಫಿಲೋಮಿನಾ ಟೀಚರು ನನ್ನನ್ನು ಮೊಳೆಯಿಂದ ತೆಗೆದು ಐಸಿರಿಯ ಕೈಗಿತ್ತರು. "ತಗೋ, ಬಾಗಿಲ ಹಿಂದೆ ಇದ್ದೂ ಇದ್ದೂ ಇದಕ್ಕೂ ಸಾಕಾಗಿದೆ."

ನನ್ನ ಚರ್ಮ ಒಣಗಿ ಬಿರುಸಾಗಿತ್ತು. ಐಸಿರಿ ದಿನವೂ ಕೊಬ್ಬರಿ ಎಣ್ಣೆ ಹಚ್ಚಿದಳು, ಉಪ್ಪಿಟ್ಟು ದಿನವೂ ಅದನ್ನು ನೆಕ್ಕಿತು. ಇಬ್ಬರ ನಡುವೆ ಹೇಗೋ ನಾನು ಮತ್ತೆ ಮೆತ್ತಗಾದೆ.

ಐಸಿರಿ ಐದನೇ ತರಗತಿಗೆ ಬಂದ ವರ್ಷ ಆ ಮನೆಗೆ ಮಾದೇಶ ಬಂದ. ಅವನು ಲಿಫ್ಟ್ ಮೆಕ್ಯಾನಿಕ್. ಆಸ್ಪತ್ರೆಯ ಲಿಫ್ಟ್ ರಿಪೇರಿಗೆ ಹೋಗಿ ಬಂದು ಪ್ರಫುಲ್ಲಾಳ ಪರಿಚಯವಾಗಿ, ನಿಧಾನವಾಗಿ ಅದು ಸ್ನೇಹವಾಗಿ, ಕೊನೆಗೆ ಇಬ್ಬರೂ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾದರು. ನಾನು ಮನುಷ್ಯರನ್ನು ಮೊದಲು ನೋಡುವುದು ಅವರ ಪಾದದಿಂದ. ಅವನದು ಗ್ರೀಸ್ ಕಲೆಯ ಕರಿ ಬೂಟು. ಮನೆಯೊಳಗೆ ಬರುವಾಗ ಅದನ್ನು ಅಂಚಿಗೆ ಜೋಡಿಸಿಟ್ಟು, ಬೆಕ್ಕಿನ ಹಾಗೆ ಸದ್ದಿಲ್ಲದೆ ನಡೆಯುತ್ತಿದ್ದ. ಮಾತು ಮೆಲ್ಲಗೆ. ಅಡುಗೆ ಚೆನ್ನಾಗಿ ಮಾಡುತ್ತಿದ್ದ.

ಆದರೆ ಉಪ್ಪಿಟ್ಟು ಎಡಕ್ಕೆ ಬಂದರೆ ಅವನು ಬಲಕ್ಕೆ ಸರಿಯುತ್ತಿದ್ದ. ಅದು ಸೋಫಾದ ಬಳಿ ಬಂದರೆ ಕಾಲನ್ನು ಮೇಲೆತ್ತಿ ಕೂರುತ್ತಿದ್ದ. ಐಸಿರಿ ಇದನ್ನೆಲ್ಲ ನೋಡುತ್ತಿದ್ದಳು. ಅವನು ಏನು ಕೇಳಿದರೂ 'ಹೂಂ', 'ಉಹೂಂ', ಅಷ್ಟೇ. ಅವನನ್ನು ಏನೆಂದು ಕರೆಯಬೇಕೆಂದು ಗೊತ್ತಾಗದೆ ಕರೆಯುವುದನ್ನೇ ಬಿಟ್ಟಿದ್ದಳು.

ಹೀಗಿರುವಾಗ ಪ್ರಫುಲ್ಲಾಗೆ ಶನಿವಾರ, ಭಾನುವಾರ ಎರಡು ದಿನ ಬೆಂಗಳೂರಿನಲ್ಲಿ ತರಬೇತಿ ಬಂತು. ಬೆಳಗ್ಗೆ ಬ್ಯಾಗು ಹೆಗಲಿಗೇರಿಸಿ ಬಾಗಿಲಲ್ಲಿ ನಿಂತು, "ಉಪ್ಪಿಟ್ಟನ್ನ ಕರ್ಕೊಂಡು ಒಬ್ಬಳೇ ಮೇನ್ ರೋಡ್ ದಾಟಬಾರದು. ಇವರ ಜತೆ ಹೋಗು. ಇಬ್ರೂ ಜಗಳ ಗಿಗಳ ಆಡ್ಬೇಡಿ," ಅಂದಳು.

"ಜಗಳ ಆಡೋಕಾದ್ರೂ ಮಾತು ಬೇಕಲ್ಲ ಪ್ರಫುಲ್ಲಾ," ಎಂದ ಮಾದೇಶ, ಅವಳಿಗಷ್ಟೇ ಕೇಳುವಂತೆ. ಆದರೆ ಬಾಗಿಲ ಪಕ್ಕದಲ್ಲೇ ನೇತಾಡುತ್ತಿದ್ದ ನನಗೂ ಕೇಳಿಸಿತು.

ಆ ಶನಿವಾರ ಬೆಳಗ್ಗೆ ನಾವು ಬಡಾವಣೆಯ ಆಚೆಗಿನ ಹುಣಸೆಕಟ್ಟೆ ಕೆರೆಗೆ ಹೊರಟೆವು. ಮುಂದೆ ಉಪ್ಪಿಟ್ಟು, ಅದರ ಹಿಂದೆ ಐಸಿರಿ, ಬಹಳ ಹಿಂದೆ ಮಾದೇಶ. ರಸ್ತೆ ದಾಟುವಾಗ ಮಾತ್ರ ಅವನು ಓಡಿ ಬಂದು ಕೈ ಅಡ್ಡ ಹಿಡಿದು ವಾಹನಗಳನ್ನು ನಿಲ್ಲಿಸಿ, ಮತ್ತೆ ಹಿಂದೆ ಉಳಿದ. ಏರಿಯ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ. ನೀರಿನ ಮೇಲೆ ಹೆಜ್ಜಾರ್ಲೆಗಳು ದೋಣಿಗಳ ಹಾಗೆ ಸಾಲಾಗಿ ತೇಲುತ್ತಿದ್ದವು. ಬಂಡೆಯ ಸಂದಿನಿಂದ ಒಂದು ಮುಂಗುಸಿ ತಲೆ ಹಾಕಿ, ಸುತ್ತ ನೋಡಿ, ತನ್ನ ಮರಿಗಳನ್ನು ಒಂದರ ಹಿಂದೆ ಒಂದರಂತೆ ಪೊದೆಗೆ ದಾಟಿಸಿತು. ಉಪ್ಪಿಟ್ಟು ಉಸಿರು ಹಿಡಿದು ನಿಂತಿತು. ಅದರ ಮೈಯ ನಡುಕ ನನ್ನ ಮೂಲಕ ಐಸಿರಿಯ ಬೆರಳಿಗೆ ತಲುಪಿತು.

"ನೋಡು ಉಪ್ಪಿಟ್ಟು, ಅದರ ಮರಿಗಳು. ಓಡಿಸಬಾರದು," ಎಂದು ಅವಳು ಪಿಸುಗುಟ್ಟಿದಳು. ನಾಯಿಯ ಜತೆ ಅವಳಿಗೆ ಮಾತೇ ಮಾತು. ಯಾವ ಹಕ್ಕಿ ಎಲ್ಲಿ ಕೂತಿದೆ, ಯಾವುದು ನಿನ್ನೆ ಇರಲಿಲ್ಲ, ಎಲ್ಲವನ್ನೂ ಅದಕ್ಕೇ ಹೇಳುತ್ತಿದ್ದಳು.

ಹಿಂದಿನಿಂದ ಮಾದೇಶ ಕೇಳಿದ. "ಅವ್ವ, ಆ ಚೀಲದ ಕೊಕ್ಕಿಂದು ಯಾವ ಹಕ್ಕಿ?"

"ಹೆಜ್ಜಾರ್ಲೆ," ಅಂದಳು. ತಿರುಗಿ ನೋಡಲಿಲ್ಲ.

ಬರುವ ದಾರಿಯಲ್ಲಿ ತಿಂಡಿ ಗಾಡಿಯೊಂದು ನಿಂತಿತ್ತು. ಮಾದೇಶ ಇಬ್ಬರಿಗೂ ಇಡ್ಲಿ ಕೇಳುತ್ತಿದ್ದ. ಅಷ್ಟರಲ್ಲಿ ಉಪ್ಪಿಟ್ಟು ಗಾಡಿಯ ಕೆಳಗೆ ನುಗ್ಗಿತು, ನಾನು ಚಕ್ರಕ್ಕೆ ಸುತ್ತಿಕೊಂಡೆ. ಐಸಿರಿ ಬಗ್ಗಿ "ಉಪ್ಪಿಟ್ಟೂ! ಏ ಉಪ್ಪಿಟ್ಟೂ!" ಎಂದು ಕೂಗಿದಳು.

"ಉಪ್ಪಿಟ್ಟು ಖಾಲಿ ಆಯ್ತು ಪುಟ್ಟಿ, ಯಾಕಿಂಗ್ ಕಿರುಚ್ತೀಯಾ? ಖಾರಾಬಾತ್ ಅಂತ ತಿನ್ನು, ಅದೇ ಅದು, ಅರಿಶಿನ ಹಾಕಿದೀವಿ," ಎಂದ ಗಾಡಿಯವನು.

ಮಾದೇಶ ನಕ್ಕ. ನಗು ತಡೆಯಲಾಗದೆ ಗಾಡಿಯ ಕಂಬ ಹಿಡಿದುಕೊಂಡ. ಐಸಿರಿಯ ತುಟಿಯೂ ಅಗಲವಾಗಲು ಹೊರಟಿತು. ಅವಳು ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ನನ್ನನ್ನು ಚಕ್ರದಿಂದ ಬಿಡಿಸತೊಡಗಿದಳು.

ಸಂಜೆ ನಾವು ಪೇಟೆಗೆ ಹೋದೆವು. ದೇವರಾಜ ಮಾರ್ಕೆಟ್ಟಿನ ಹೂವಿನ ಸಾಲಿನಲ್ಲಿ ಜನವೋ ಜನ. ಐಸಿರಿ ನನ್ನನ್ನು ಮಣಿಕಟ್ಟಿಗೆ ಸುತ್ತಿಕೊಂಡು ಉಪ್ಪಿಟ್ಟನ್ನು ಕಾಲಿನ ಹತ್ತಿರವೇ ಇಟ್ಟುಕೊಂಡಳು. ಬಾಳೆಹಣ್ಣಿನ ಗೊನೆ, ಕುಂಕುಮದ ರಾಶಿ, ಮಲ್ಲಿಗೆಯ ದಿಂಡು. ಕೆಳಗಿನಿಂದ ನನಗೆ ಕಂಡದ್ದು ಚಪ್ಪಲಿಗಳು, ಬಿದ್ದ ಸೇವಂತಿಗೆ ಎಸಳುಗಳು, ಒಂದು ಗೂಳಿಯ ನಿಧಾನವಾದ ಗೊರಸು. ಮಾರ್ಕೆಟ್ಟಿನಿಂದ ಹೊರಗೆ ಬಂದಾಗ ಮಾದೇಶ ಗಂಟಲು ಸರಿಮಾಡಿಕೊಂಡ.

"ಒಂದ್ ಜಾಗ ತೋರಿಸ್ಲಾ? ಬೇಡ ಅಂದ್ರೆ ಬೇಡ."

ಐಸಿರಿ ಉಪ್ಪಿಟ್ಟಿನ ಕಡೆ ನೋಡಿದಳು. "ಇವನೂ ಬರಬೇಕು."

ಮಾದೇಶನ ಬೂಟುಗಳು ಒಂದು ಕ್ಷಣ ಅಲ್ಲೇ ನಿಂತವು. ಆಮೇಲೆ, "ಬರಲಿ," ಅಂದ.

ಅವನು ಕರೆದುಕೊಂಡು ಹೋದದ್ದು ಒಂದು ಹಳೆಯ ವ್ಯಾಪಾರದ ಕಟ್ಟಡಕ್ಕೆ. ಅಲ್ಲಿನ ಲಿಫ್ಟ್ ನೋಡಿಕೊಳ್ಳುವುದು ಅವನ ಕೆಲಸ. ಬಾಗಿಲ ಕಾವಲುಗಾರ ಎದ್ದು ನಿಂತು, "ಏನ್ ಮಾದೇಶಪ್ಪ, ರಜಾ ದಿನ? ಮಗಳಾ?" ಎಂದು ಕೇಳಿದ. ಮಾದೇಶ ಐಸಿರಿಯ ಮುಖ ನೋಡಿ, ಹೌದು ಎಂದೂ ಅನ್ನದೆ ಇಲ್ಲವೆಂದೂ ಅನ್ನದೆ, "ಇವಳು ಐಸಿರಿ ಅಂತ," ಎಂದ.

ಲಿಫ್ಟಿನ ಬಾಗಿಲು ಮುಚ್ಚಿತು. ಸಣ್ಣ ಪೆಟ್ಟಿಗೆ, ಒಳಗೆ ಮೂವರು. ಉಪ್ಪಿಟ್ಟಿಗೆ ಕಾಲಡಿಯ ನೆಲ ಮೇಲೇರುವುದು ಹೊಸದು. ಅದು ಮೂಗರಳಿಸಿ ಎಲ್ಲರ ಕಾಲನ್ನೂ ಮೂಸಿತು. ಮಾದೇಶ ಮೂಲೆಗೆ ಒತ್ತಿಕೊಂಡು ನಿಂತ. ಅವನ ಹಣೆಯ ಬೆವರು ಜಾರಿ ನನ್ನ ಪಕ್ಕದಲ್ಲೇ ಒಂದು ಹನಿ ಬಿತ್ತು. ಊರಿನ ಲಿಫ್ಟುಗಳನ್ನೆಲ್ಲ ಕೈಬೆರಳಲ್ಲಿ ಕುಣಿಸುವ ಮನುಷ್ಯ, ತನ್ನದೇ ಲಿಫ್ಟಿನಲ್ಲಿ ಹಾಗೆ ಗೋಡೆಗೆ ಅಂಟಿಕೊಂಡಿದ್ದ. ಅವನಿಗೆ ನಾಯಿ ಎಂದರೆ ಭಯ ಎಂದು ನನಗೆ ಆಗ ಗೊತ್ತಾಯಿತು. ಐಸಿರಿಗೆ ಅದು ಭಯದ ಹಾಗೆ ಕಾಣಲಿಲ್ಲ. ಅವಳು ಹುಬ್ಬು ಗಂಟಿಕ್ಕಿ ನನ್ನನ್ನು ಇನ್ನಷ್ಟು ಗಿಡ್ಡಕ್ಕೆ ಹಿಡಿದಳು.

ತಾರಸಿಯ ಮೇಲೆ, ಬಳಕೆಯಲ್ಲಿಲ್ಲದ ಹಳೆಯ ಯಂತ್ರದ ಕೋಣೆಯೊಂದಿತ್ತು. ಮಾದೇಶ ತುಟಿಯ ಮೇಲೆ ಬೆರಳಿಟ್ಟು, ಒಡೆದ ಕಿಟಕಿಯತ್ತ ಕೈ ತೋರಿಸಿದ. ಒಳಗಿನಿಂದ ಕುಕ್ಕರಿನ ಸೀಟಿ ಬರುವ ಮುಂಚಿನ ಸದ್ದಿನಂತೆ ಬುಸ್‌ ಬುಸ್‌ ಎಂದು ಕೇಳಿಸುತ್ತಿತ್ತು. ಐಸಿರಿ ಇಣುಕಿದಳು. ಕತ್ತಲೆಯಲ್ಲಿ ಬಿಳಿ ಮುಖಗಳು, ವೀಳ್ಯದೆಲೆಯ ಆಕಾರಕ್ಕೆ ಕಾಗದ ಕತ್ತರಿಸಿ ಅಂಟಿಸಿದ ಹಾಗೆ. ಕಣಜಗೂಬೆಯ ಮರಿಗಳು. ಮೈಮೇಲೆ ಇನ್ನೂ ಹತ್ತಿಯಂಥ ತುಪ್ಪಳ. ಅವಳನ್ನು ನೋಡಿ ಎಲ್ಲವೂ ಒಟ್ಟಿಗೆ ತಲೆಯನ್ನು ಆ ಕಡೆ, ಈ ಕಡೆ ವಾಲಿಸಿದವು.

"ಗೂಬೆ ಮನೆ ಮೇಲೆ ಇರೋದು ಒಳ್ಳೇದಲ್ಲ, ಓಡಿಸಿ ಅಂತಾವ್ರೆ ಕೆಳಗಿನ ಅಂಗ್ಡಿಯೋರು," ಎಂದ ಮೆಟ್ಟಿಲು ಹತ್ತಿ ಹಿಂದೆಯೇ ಬಂದಿದ್ದ ಕಾವಲುಗಾರ.

"ಇದು ಮನೆ ಅಲ್ವಲ್ಲಪ್ಪ, ಲಿಫ್ಟ್ ರೂಮು. ವೈರು ಕಡಿಯೋ ಇಲಿ ಎಲ್ಲಾ ಇವೇ ತಿಂತವೆ. ನಂಗೆ ಇವು ಅಸಿಸ್ಟೆಂಟುಗಳು," ಎಂದ ಮಾದೇಶ.

"ಅವು ಕಿಟಕಿಯಿಂದ ಕೆಳಗೆ ಬೀಳಲ್ವಾ?" ಎಂದಳು ಐಸಿರಿ. ಅವಳಾಗಿಯೇ ಅವನಿಗೆ ಕೇಳಿದ ಮೊದಲ ಪ್ರಶ್ನೆ.

"ಬೀಳಬಾರದು ಅಂತ್ಲೇ ಆ ಹಲಗೆ ಹೊಡೆದಿದೀನಿ, ನೋಡು."

ಆಕಾಶದ ಕೆಂಪು ಇನ್ನೂ ಪೂರ್ತಿ ಆರಿರಲಿಲ್ಲ. ತಾಯಿ ಗೂಬೆ ಸದ್ದಿಲ್ಲದೆ ಹೊರಗೆ ಬಂದು, ಬಿಳಿ ಕರವಸ್ತ್ರ ಗಾಳಿಗೆ ಬಿಟ್ಟ ಹಾಗೆ ಮಾರ್ಕೆಟ್ಟಿನ ಮೇಲೆ ತೇಲಿ ಹೋಯಿತು. ಕೆಳಗೆ ಅಷ್ಟು ಜನ ಹೂವಿನ ಬೆಲೆ ಕೇಳುತ್ತಿದ್ದರು. ಒಬ್ಬರೂ ತಲೆ ಎತ್ತಲಿಲ್ಲ. ಐಸಿರಿ ಮನೆ ತಲುಪುವವರೆಗೂ ಆಕಾಶ ನೋಡುತ್ತಲೇ ನಡೆದಳು. ಉಪ್ಪಿಟ್ಟು ಅವಳನ್ನು ಗುಂಡಿಗಳಿಂದ ತಪ್ಪಿಸಿ ಕರೆದುಕೊಂಡು ಬಂತು.

ಭಾನುವಾರ ಬೆಳಗ್ಗೆ ಅವಳು ನನ್ನನ್ನು ಕೈಗೆತ್ತಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಬರ್ತೀರಾ?" ಎಂದಳು. ಮಾದೇಶ ಒಲೆ ಆರಿಸಿದ, ಹಾಲು ಅರ್ಧ ಕಾದಿತ್ತು.

ಆ ದಿನ ಅವನು ಅವಳ ಪಕ್ಕದಲ್ಲೇ ನಡೆದ. ನಾಯಿ ಇದ್ದದ್ದು ಅವಳ ಇನ್ನೊಂದು ಪಕ್ಕ. ಕೆರೆಯ ಹೂಳಿನಲ್ಲಿ ನೇರಳೆ ಜಂಬುಕೋಳಿಗಳು ಉದ್ದ ಕಾಲು ಎತ್ತಿಡುತ್ತಿದ್ದವು. ಏರಿಯ ತೂಬಿನ ಹತ್ತಿರ ಕಲ್ಲಿನ ಮೇಲೆ ಒಂದು ಉಡ ಬಿಸಿಲು ಕಾಯಿಸುತ್ತಿತ್ತು. ಐಸಿರಿಗೆ ಅದನ್ನು ಹತ್ತಿರದಿಂದ ನೋಡುವಾಸೆ. ನಾಯಿ ಜತೆಗಿದ್ದರೆ ಅದು ಓಡಿ ಹೋಗುತ್ತದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ ನನ್ನ ಹಿಡಿಕೆಯನ್ನು ಮಾದೇಶನತ್ತ ಚಾಚಿದಳು.

"ಒಂದು ನಿಮಿಷ ಹಿಡ್ಕೊಳ್ಳಿ."

ಅವನ ಅಂಗೈ ತಣ್ಣಗಿತ್ತು, ಒದ್ದೆಯಾಗಿತ್ತು. ಆದರೂ ಹಿಡಿದ. ಐಸಿರಿ ಮೆಲ್ಲಗೆ ತೂಬಿನ ಕಡೆ ಇಳಿದಳು. ಆಗಲೇ ಪೊದೆಯಿಂದ ಮುಂಗುಸಿ ಚಂಗನೆ ದಾರಿಗೆ ಬಂತು. ಉಪ್ಪಿಟ್ಟು ಬೊಗಳುತ್ತ ನೆಗೆಯಿತು. ಮುಂಗುಸಿ ಮಾದೇಶನ ಕಾಲಿನ ಸುತ್ತ ತಿರುಗಿತು, ನಾಯಿಯೂ ಹಲ್ಲು ತೆರೆದುಕೊಂಡು ಅವನ ಕಾಲಿನತ್ತಲೇ ತಿರುಗಿತು. ಮಾದೇಶ "ಅಯ್ಯೋ!" ಎಂದು ಹಿಂದಕ್ಕೆ ಹಾರಿದ. ಅವನ ಬೆರಳುಗಳು ಬಿಚ್ಚಿಕೊಂಡವು.

ನನ್ನ ಬದುಕಿನಲ್ಲಿ ಹಿಡಿಕೆಯ ಕಡೆ ಯಾರೂ ಇಲ್ಲದೆ ಓಡಿದ್ದು ಅದೇ ಮೊದಲು. ಕಲ್ಲು, ಮುಳ್ಳು, ಜೊಂಡು, ಎಲ್ಲವೂ ನನ್ನ ಮೈಗೆ ಬಡಿದವು. ಹಿಂದೆ ಐಸಿರಿಯ ಕೂಗು ಕೇಳಿಸಿತು. "ಬೇಕಂತ್ಲೇ ಬಿಟ್ರಿ! ಅವನು ನಿಮಗೆ ಬೇಡ, ನಂಗೊತ್ತು! ಮೊದಲಿಂದ್ಲೂ ಗೊತ್ತು!" ಆಮೇಲೆ ಅವಳ ದನಿ ಬೇರೆ ದಿಕ್ಕಿಗೆ ಹೋಯಿತು. ಉಪ್ಪಿಟ್ಟು ಏರಿ ಹತ್ತಿ ಆಚೆಗೆ ಓಡಿರಬೇಕು ಎಂದು ಅವಳು ತಿಳಿದಳು.

ನಾವು ಇದ್ದದ್ದು ಕೆಳಗೆ, ನೀರಿನಂಚಿನಲ್ಲಿ. ಅಲ್ಲಿ ಯಾವ ಕಾಲದ್ದೋ ಒಂದು ಮುಳ್ಳುತಂತಿಯ ಬೇಲಿ ಅರ್ಧ ಹೂತುಹೋಗಿತ್ತು. ಉಪ್ಪಿಟ್ಟು ಅದರ ಕೆಳಗೆ ನುಸುಳಿತು. ನಾನು ನುಸುಳಲಿಲ್ಲ. ನನ್ನ ಹಿಡಿಕೆ ತಂತಿಗೆ ಸಿಕ್ಕಿಕೊಂಡಿತು. ನಾಯಿಯ ಹಿಂಗಾಲು ಕೆಸರಿಗಿಳಿದು ಜಾರತೊಡಗಿತು. ಜಾರಿದಷ್ಟೂ ಕೊರಳಪಟ್ಟಿ ಬಿಗಿಯಿತು, ಹೆದರಿ ಎಳೆದಷ್ಟೂ ಇನ್ನೂ ಬಿಗಿಯಿತು. ಉಪ್ಪಿಟ್ಟಿನ ಬೊಗಳು ಕೆಮ್ಮಾಯಿತು. ಕಿತ್ತುಹೋಗಬಾರದು ಎಂದು ಹೊಲಿದ ಬಾರು ನಾನು. ಆ ಹೊತ್ತಿನಲ್ಲಿ ಕಿತ್ತುಹೋಗಲೆಂದು ಬಯಸಿದೆ. ಖಲೀಲ್ ಸಾಬರ ಹೊಲಿಗೆ ಜಗ್ಗಲಿಲ್ಲ.

ಜೊಂಡು ಸರಿಸಿಕೊಂಡು ಬಂದದ್ದು ಮಾದೇಶ. ಒಬ್ಬನೇ.

ಅವನನ್ನು ಕಂಡು ಉಪ್ಪಿಟ್ಟು ಹಲ್ಲು ಬಿಟ್ಟು ಗುರ್ರೆಂದಿತು. ನೋವಿನಲ್ಲಿರುವ ನಾಯಿಗೆ ತನ್ನವರು ಯಾರು, ಬೇರೆಯವರು ಯಾರು ಎಂದು ತಿಳಿಯುವುದಿಲ್ಲ. ಮಾದೇಶ ನಿಂತುಬಿಟ್ಟ. "ಐಸಿರೀ!" ಎಂದು ಒಮ್ಮೆ ಕೂಗಿದ. ನಾಯಿ ಇನ್ನೊಂದು ಗೇಣು ಜಾರಿತು.

ಆಗ ಅವನ ದನಿ ಬದಲಾಯಿತು. ಆ ದನಿ ನನಗೆ ಗೊತ್ತಿತ್ತು. ಯಾವುದೋ ಕಟ್ಟಡದಲ್ಲಿ ಯಾರೋ ಲಿಫ್ಟಿನೊಳಗೆ ಸಿಕ್ಕಿಕೊಂಡು ಫೋನು ಮಾಡಿದಾಗ, ಬೂಟು ಹಾಕಿಕೊಳ್ಳುತ್ತಲೇ ಅವರ ಜತೆ ಅವನು ಮಾತಾಡುತ್ತಿದ್ದ ದನಿ ಅದು.

"ಗಾಬರಿ ಆಗ್ಬೇಡಿ," ಅಂದ ನಾಯಿಗೆ. "ಏನೂ ಆಗಲ್ಲ. ನಾನು ಬಂದಿದೀನಿ. ಎಳೀಬೇಡಿ, ಎಳೆದ್ರೆ ಜಾಸ್ತಿ ಸಿಕ್ಕಾಕೋತದೆ. ಉಸಿರು ನಿಧಾನಕ್ಕೆ ತಗೊಳ್ಳಿ. ಹಂಗೇ, ಹಂಗೇ. ಈಗ ತೆಗೀತೀನಿ."

ಹೇಳುತ್ತ ಹೇಳುತ್ತ ಕೆಸರಿನಲ್ಲಿ ಮೊಣಕಾಲೂರಿದ. ಅವನು ಹೇಳುತ್ತಿದ್ದುದು ನಾಯಿಗೋ ತನಗೋ, ನನಗೆ ತಿಳಿಯಲಿಲ್ಲ. ಉಪ್ಪಿಟ್ಟಿನ ಗುರ್ರು ಸಣ್ಣಗಾಯಿತು. ಅವನು ಒಂದು ಕೈಯನ್ನು ಅದರ ಹೊಟ್ಟೆಯ ಕೆಳಗೆ ಕೊಟ್ಟು ಮೇಲಕ್ಕೆತ್ತಿದ. ಇನ್ನೊಂದು ಕೈ ಕೊರಳಪಟ್ಟಿಗೆ ಹೋಗಬೇಕು. ಅಲ್ಲೇ ಹಲ್ಲು. ಅವನು ಕಣ್ಣು ಮುಚ್ಚಿಕೊಂಡು ಕೈ ಹಾಕಿದ. ಬೆರಳು ತಡವರಿಸಿ ನನ್ನ ಕೊಂಡಿಯನ್ನು ಹುಡುಕಿ ಒತ್ತಿತು. ಟಕ್ಕೆಂದು ನಾನು ಬಿಡಿಸಿಕೊಂಡೆ.

ಉಪ್ಪಿಟ್ಟು ಕಚ್ಚಲಿಲ್ಲ. ಓಡಲೂ ಇಲ್ಲ. ಒಮ್ಮೆ ಮೈ ಕೊಡವಿ ಅವನ ಮುಖಕ್ಕೆಲ್ಲ ಕೆಸರು ಎರಚಿತು. ಆಮೇಲೆ ಬಳಲಿ ಅವನ ತೊಡೆಯ ಮೇಲೆ ತಲೆಯಿಟ್ಟಿತು. ಮಾದೇಶ ಒಂದು ಕಣ್ಣು ತೆರೆದು ನೋಡಿದ, ಆಮೇಲೆ ಇನ್ನೊಂದು. ಅವನ ಕೈ ಗಾಳಿಯಲ್ಲೇ ನಿಂತಿತ್ತು. ಬಹಳ ಹೊತ್ತಾದ ಮೇಲೆ ಮೆಲ್ಲಗೆ ಇಳಿದು ಆ ಮಡಚಿದ ಕಿವಿಯ ಮೇಲೆ ಕೂತಿತು.

ಐಸಿರಿ ಬಂದಾಗ ಅವಳ ಲಂಗದ ತುಂಬ ಮುಳ್ಳು, ಮುಖದ ತುಂಬ ಕಣ್ಣೀರು. ನೋಡಿ ನಿಂತಳು. ಓಡಿ ಬಂದು ಉಪ್ಪಿಟ್ಟಿನ ಕುತ್ತಿಗೆ ತಬ್ಬಿಕೊಂಡಳು. ಪಟ್ಟಿ ಒತ್ತಿದ ಗುರುತನ್ನು, ಮುಳ್ಳುತಂತಿಯನ್ನು, ಮಾದೇಶನ ತರಚಿದ ಮುಂಗೈಯನ್ನು ಒಂದೊಂದಾಗಿ ನೋಡಿದಳು.

"ನಂಗೆ ನಾಯಿ ಅಂದ್ರೆ ಭಯ ಕಣವ್ವ," ಎಂದ ಮಾದೇಶ. "ಚಿಕ್ಕೋನಿದ್ದಾಗ ಕಚ್ಚಿತ್ತು. ಹೇಳ್ಕೊಳೋಕೆ ನಾಚಿಕೆ. ಇಷ್ಟ್ ದೊಡ್ಡ ಆಳು ನೋಡು." ಪ್ಯಾಂಟು ಮೇಲೆತ್ತಿ ಮೀನಖಂಡದ ಹಳೆಯ ಗಾಯದ ಕಲೆ ತೋರಿಸಿದ.

ಐಸಿರಿ ಅದನ್ನು ಬಹಳ ಹೊತ್ತು ನೋಡಿದಳು. "ನಾನು... ನೀವು ಅಮ್ಮಂಗೆ ಹೇಳಿ ಇವನನ್ನ ಎಲ್ಲಾದ್ರೂ ಬಿಟ್ಟು ಬರ್ತೀರ ಅಂದ್ಕೊಂಡಿದ್ದೆ."

"ನಾನ್ಯಾಕೆ ಬಿಟ್ಟು ಬರಲಿ? ನಿಮ್ಮನೇಗೆ ಅವನು ನನಗಿಂತ ಮೊದಲು ಬಂದೋನು. ಬಿಟ್ಟು ಬರೋದಿದ್ರೆ ನನ್ನನ್ನೇ ಬಿಡಬೇಕು."

ಅವಳು ನಕ್ಕಳು. ಅಳು ಇನ್ನೂ ನಿಂತಿರಲಿಲ್ಲ, ಎರಡೂ ಒಟ್ಟಿಗೆ ಬಂದವು. ಆಮೇಲೆ ನನ್ನನ್ನು ತಂತಿಯಿಂದ ಬಿಡಿಸಿ, ಲಂಗದಿಂದ ಒರೆಸಿ, ಕೊಂಡಿಯನ್ನು ಪಟ್ಟಿಗೆ ಹಾಕಿದಳು. ಹಿಡಿಕೆಯನ್ನು ಮತ್ತೆ ಅವನಿಗೇ ಕೊಟ್ಟಳು.

"ಹಾಗಲ್ಲ ಹಿಡಿಯೋದು. ಒಳಗಡೆ ಕೈ ತೂರಿಸಿ. ಈಗ ಒಂದು ಸುತ್ತು ಸುತ್ಕೊಳ್ಳಿ. ಹೆದರಿ ಕೈ ಬಿಟ್ರೂ ಇದು ಬಿಡಲ್ಲ."

ಮನೆಯವರೆಗೆ ಮಾದೇಶನೇ ನನ್ನನ್ನು ಹಿಡಿದು ಬಂದ. ಅಂಗಳದಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದ ಫಿಲೋಮಿನಾ ಟೀಚರು ಮೂವರ ಕೆಸರು ಅವತಾರ ನೋಡಿ ನೀರಿನ ಪೈಪನ್ನು ಅವರ ಕಡೆ ತಿರುಗಿಸಿದರು.

ಸಂಜೆ ಪ್ರಫುಲ್ಲಾ ಬಂದಳು. "ಏನ್ ಮಾಡಿದ್ರಿ ಎರಡು ದಿನ?" ಎಂದು ಕೇಳಿದಳು.

"ಗೂಬೆ ಮರಿ ನೋಡಿದ್ವಿ. ಮುಂಗುಸಿ ನೋಡಿದ್ವಿ. ಆಮೇಲೆ ಮಾದೇಶಪ್ಪ ಕೆಸರಲ್ಲಿ ಕೂತ್ಕೊಂಡು ಉಪ್ಪಿಟ್ಟನ್ನ ಬಹುವಚನದಲ್ಲಿ ಮಾತಾಡಿಸ್ತಿದ್ರು. ನಾನು ದೂರದಿಂದಾನೇ ಕೇಳಿಸಿಕೊಂಡು ಬಂದೆ," ಎಂದಳು ಐಸಿರಿ.

ಪ್ರಫುಲ್ಲಾ ಬ್ಯಾಗು ಇಳಿಸುತ್ತಿದ್ದವಳು ಹಾಗೇ ನಿಂತಳು. ಮಾದೇಶಪ್ಪ ಎನ್ನುವುದು ಕಾವಲುಗಾರ ಕರೆದ ಹೆಸರು, ಅದರಲ್ಲೇನೂ ವಿಶೇಷವಿಲ್ಲ. ಮೈಸೂರಿನಲ್ಲಿ ಹಾಗೆ ಕರೆಸಿಕೊಳ್ಳುವವರು ಬೇಕಾದಷ್ಟು ಜನ. ಆದರೆ ಮಾದೇಶ ಅಡುಗೆಮನೆಗೆ ಹೋಗಿ ಬಹಳ ಹೊತ್ತು ಪಾತ್ರೆ ತೊಳೆದ. ಆಗಲೇ ತೊಳೆದಿಟ್ಟ ಪಾತ್ರೆಗಳನ್ನು. ಮುಂದಿನ ವರ್ಷಗಳಲ್ಲಿ ಆ ಹೆಸರಿನ ಮುಂಭಾಗ ದಿನಬಳಕೆಯಲ್ಲಿ ಸವೆದು ಸವೆದು ಉದುರಿಹೋಯಿತು. ಯಾವ ದಿನ ಉದುರಿತು ಎಂದು ಅವರಲ್ಲಿ ಯಾರಿಗೂ ನೆನಪಿಲ್ಲ.

ಆ ಭಾನುವಾರದ ನಂತರ ಎಷ್ಟೋ ಭಾನುವಾರಗಳು ಬಂದವು. ಕೆರೆಗೆ, ಬೆಟ್ಟದ ತಪ್ಪಲಿಗೆ, ಹೊಸ ಬಡಾವಣೆಗಳ ಖಾಲಿ ನಿವೇಶನಗಳಿಗೆ ಹೋದೆವು. ಒಮ್ಮೆ ಮಳೆಗಾಲದಲ್ಲಿ ಚರಂಡಿಯ ಮೋರಿಯಿಂದ ಪುನುಗು ಬೆಕ್ಕು ಹೊರಬಂದು ನಮ್ಮೆದುರೇ ರಸ್ತೆ ದಾಟಿತು. ಇನ್ನೊಮ್ಮೆ ಅಂಚೆ ಕಚೇರಿಯ ಅರಳಿಮರದಲ್ಲಿ ದಪ್ಪ ಕೊಕ್ಕಿನ ಮಂಗಟ್ಟೆ ಹಕ್ಕಿಗಳ ಜೋಡಿ ಹಣ್ಣು ಕೀಳುವುದನ್ನು ಎಲ್ಲರೂ ಕುತ್ತಿಗೆ ನೋಯುವವರೆಗೆ ನೋಡಿದೆವು. ಐಸಿರಿಗೆ ಪರೀಕ್ಷೆ ಇದ್ದ ದಿನಗಳಲ್ಲಿ ಮಾದೇಶ ಒಬ್ಬನೇ ಉಪ್ಪಿಟ್ಟನ್ನು ಕರೆದುಕೊಂಡು ಹೋಗುತ್ತಿದ್ದ. ಬೇರೆ ನಾಯಿಗಳು ಎದುರಾದರೆ ಅವನ ಅಂಗೈ ಈಗಲೂ ಒದ್ದೆಯಾಗುತ್ತಿತ್ತು. ಆಗ ಅವನು ಒಂದು ಸುತ್ತು ಹೆಚ್ಚು ಸುತ್ತಿಕೊಳ್ಳುತ್ತಿದ್ದ. ಅಷ್ಟೇ.

ಈಗ ಐಸಿರಿ ಇದೇ ಊರಿನ ಕಾಲೇಜಿನಲ್ಲಿ ಓದುತ್ತಾಳೆ. ಉಪ್ಪಿಟ್ಟಿನ ಮೂತಿ ಬೆಳ್ಳಗಾಗಿದೆ. ಅದಕ್ಕೆ ಬಾರು ಬೇಕಿಲ್ಲ. ಮನೆಯವರ ಹೆಜ್ಜೆಗೆ ಹೆಜ್ಜೆ ಹಾಕಿ, ಬೀದಿಯ ತುದಿಯ ಬಾದಾಮಿ ಮರದವರೆಗೆ ಹೋಗಿ, ಅಲ್ಲಿ ಕೂತು, ಬೀದಿಯನ್ನು ನೋಡಿ ವಾಪಸು ಬರುತ್ತದೆ. ನನ್ನ ಚರ್ಮವೂ ಬಿರುಕು ಬಿಟ್ಟಿದೆ, ಒಂದು ಕಡೆ ಹೊಲಿಗೆ ಬಿಚ್ಚಿದೆ. ಕಳೆದ ಮಳೆಗಾಲದಲ್ಲಿ ಒದ್ದೆಯಾದ ನನ್ನನ್ನು ಐಸಿರಿ ಬಾಲ್ಕನಿಯ ತಂತಿಗೆ ಒಣಹಾಕಿದಳು. ಮತ್ತೆ ತೆಗೆಯಲು ಮರೆತಳು. ಮೊದಮೊದಲು ನನಗೆ ಬೇಸರವಾಯಿತು. ಬಾಗಿಲ ಹಿಂದಿನ ಮೊಳೆಯ ದಿನಗಳೇ ಮತ್ತೆ ಬಂದವು ಎಂದುಕೊಂಡೆ.

ಈ ಬೇಸಿಗೆಯ ಆರಂಭದಲ್ಲಿ ಒಂದು ಸಣ್ಣ ಹಕ್ಕಿ ಬಂತು. ಹೆಬ್ಬೆರಳಿನಷ್ಟೇ ಗಾತ್ರ, ಬಾಗಿದ ಸೂಜಿಕೊಕ್ಕು, ಹಳದಿ ಹೊಟ್ಟೆ. ಹೆಣ್ಣು ಸೂರಕ್ಕಿ. ನನ್ನ ನೇತಾಡುವ ತುದಿಗೆ ಜೋತುಬಿದ್ದು ಹಿಂದೆ ಮುಂದೆ ಓಲಾಡಿ ನೋಡಿತು. ಮಾರನೆಯ ದಿನ ಜೇಡರ ಬಲೆಯ ಎಳೆ ತಂದು ನನ್ನ ಕೊಂಡಿಗೆ ಸುತ್ತಿತು. ಆಮೇಲೆ ಒಣಗಿದ ಎಲೆಯ ಚೂರು, ತೊಗಟೆಯ ಪುಡಿ, ಪ್ರಫುಲ್ಲಾಳ ಸೀರೆಯ ಒಂದು ದಾರ, ಉಪ್ಪಿಟ್ಟಿನ ಕಂದು ರೋಮ. ನೋಡುನೋಡುತ್ತಿದ್ದಂತೆ ನನ್ನ ತುದಿಯಲ್ಲಿ ಸಣ್ಣ ಚೀಲದಂಥ ಗೂಡು ತೂಗತೊಡಗಿತು.

ಮೊದಲು ಕಂಡದ್ದು ಮಾದೇಶನಿಗೆ. ಬಟ್ಟೆ ಒಣಹಾಕಲು ಬಂದವನು ಬಕೆಟ್ಟು ಹಿಡಿದು ಹಾಗೇ ಹಿಂದೆ ಸರಿದು, "ಐಸೂ, ಬೇಗ ಬಾ, ಸದ್ದು ಮಾಡ್ಬೇಡ," ಎಂದು ಪಿಸುಗುಟ್ಟಿದ. ಅಂದಿನಿಂದ ಬಟ್ಟೆಯೆಲ್ಲ ಕೆಳಗೆ, ಫಿಲೋಮಿನಾ ಟೀಚರ ಅಂಗಳದಲ್ಲೇ ಒಣಗುತ್ತಿದೆ. ಬಾಲ್ಕನಿಯ ಬಾಗಿಲು ಮುಚ್ಚಿದೆ. ಟೀಚರು ಬಿಡುವಾದಾಗಲೆಲ್ಲ ಕೋಲೂರಿಕೊಂಡು ಮೆಟ್ಟಿಲು ಹತ್ತಿ ಬಂದು ಗಾಜಿನಿಂದ ನೋಡಿ, "ಎಲ್ಲ ಹಾಜರಾ?" ಎಂದು ಕೇಳಿ ಹೋಗುತ್ತಾರೆ. ಶನಿವಾರ, ಭಾನುವಾರ ಮನೆಯವರೆಲ್ಲ ಕಾಫಿ ಲೋಟ ಹಿಡಿದು ಗಾಜಿನ ಆಚೆ ಕೂರುತ್ತಾರೆ. ಕೆರೆಗೆ ಹೋಗುತ್ತಿದ್ದವರು ಈಗ ನನ್ನನ್ನು ನೋಡಲು ಕೂರುತ್ತಾರೆ ಎಂದರೆ ನನಗೇ ನಾಚಿಕೆ.

ಕುದುರೆಯನ್ನು ತಡೆಯುವ ಚರ್ಮದಿಂದ ನನ್ನನ್ನು ಮಾಡಿದರು. ಹಿಡಿದಿಡುವುದೊಂದೇ ನನ್ನ ಕೆಲಸ ಎಂದು ನಾನೂ ನಂಬಿದ್ದೆ. ಆದರೆ ಈಗ ಹಿಂದಿರುಗಿ ನೋಡಿದರೆ, ನಾಯಿಗಳನ್ನು ಹಿಡಿದಿಟ್ಟದ್ದಕ್ಕಿಂತ ಅವು ಎಳೆದ ಕಡೆಗೆ ಮನುಷ್ಯರನ್ನು ಕರೆದುಕೊಂಡು ಹೋದದ್ದೇ ಹೆಚ್ಚು. ಹಾಗೆ ಹೋಗಿದ್ದರಿಂದಲೇ ಅವರಿಗೆ ಕೆರೆ ಸಿಕ್ಕಿತು, ಹಕ್ಕಿ ಸಿಕ್ಕವು, ಒಬ್ಬರಿಗೊಬ್ಬರು ಸಿಕ್ಕರು.

ಇವತ್ತು ಬೆಳಗ್ಗೆ ಗೂಡಿನ ಬಾಯಲ್ಲಿ ಎರಡು ಕೊಕ್ಕು ಕಂಡವು. ತಾಯಿ ಹಕ್ಕಿ ಹುಳು ತಂದಾಗ ಒಳಗಿನ ಮರಿಗಳು ಮೇಲಕ್ಕೆ ಚಾಚುತ್ತವೆ, ಗೂಡು ಅಲುಗುತ್ತದೆ, ನನ್ನ ಕೊಂಡಿ ಸಣ್ಣಗೆ ಜಗ್ಗುತ್ತದೆ. ಇಷ್ಟು ಹಗುರವಾಗಿ ಇಲ್ಲಿಯವರೆಗೆ ಯಾರೂ ನನ್ನನ್ನು ಎಳೆದಿರಲಿಲ್ಲ. ನಾನು ಗಾಳಿಗೂ ಅಲ್ಲಾಡದಂತೆ ನೆಟ್ಟಗೆ ನೇತಾಡುತ್ತಿದ್ದೇನೆ.